ಸ್ಕ್ಯಾನರ್ ಬೇರೆ ಬೇಕಾ, ಆಲ್-ಇನ್-ಒನ್ ಸಾಕಾ? ಕಾಗದ ನೋಡಿ ಮಷಿನ್ ಆರಿಸುವ ಬಗೆ

ಆಫೀಸಿಗೆ ಮಷಿನ್ ತಗೋಬೇಕು ಅಂದ ತಕ್ಷಣ ಎಲ್ಲರೂ ಕೇಳುವುದು ಎರಡೇ ಪ್ರಶ್ನೆ. ಯಾವ ಕಂಪನಿ ಛಲೋ, ರೇಟು ಎಷ್ಟು? ಅದಕ್ಕೂ ಮುಂಚೆ ಕೇಳಬೇಕಾದದ್ದು ಇನ್ನೊಂದಿದೆ. ನಿಮ್ಮ ಮೇಜಿನ ಮೇಲೆ ದಿನಾ ಬಂದು ಬೀಳುವ ಕಾಗದ ಎಂಥದ್ದು?

ಅಮರಗೋಳ ಎಪಿಎಂಸಿಯ ದಲಾಲಿ ಅಂಗಡಿಗೆ ಬರುವ ಕಾಗದ ಬೇರೆ, ಧಾರವಾಡದ ವಕೀಲರ ಆಫೀಸಿಗೆ ಬರುವ ಕಾಗದ ಬೇರೆ. ಒಂದು ಕಡೆ ತೂಕದ ಚೀಟಿ, ಲಾರಿ ಬಾಡಿಗೆಯ ಚೀಟಿ, ಬಿಲ್ ಬುಕ್ಕಿನ ತೆಳು ಪ್ರತಿ. ಇನ್ನೊಂದು ಕಡೆ ಲೀಗಲ್ ಸೈಜಿನ ಹಳೆ ಖರೀದಿ ಪತ್ರ, ಜಮೀನಿನ ಉತಾರ, ಟ್ಯಾಗ್ ಹಾಕಿ ಕಟ್ಟಿದ ಕೇಸಿನ ಫೈಲು. ಇಬ್ಬರಿಗೂ ಒಂದೇ ಮಷಿನ್ ಸರಿಹೋಗುವುದು ಕಷ್ಟ. ಆದರೂ ಇಬ್ಬರೂ ಅದೇ ಅಂಗಡಿಗೆ ಹೋಗಿ ಅದೇ ಆಲ್-ಇನ್-ಒನ್ ತರುತ್ತಾರೆ. ಆಮೇಲೆ ಆರು ತಿಂಗಳಿಗೆ "ಸ್ಕ್ಯಾನಿಂಗ್ ಭಾಳ ನಿಧಾನ ಐತ್ರಿ" ಅಂತ ಬೇಸರ.

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಸಣ್ಣ ಮತ್ತು ನಡುಮಟ್ಟದ ವ್ಯವಹಾರದವರನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆಯುತ್ತಿದ್ದೇನೆ.

ಇರುವ ದಾರಿಗಳು

ಮೊದಲನೆಯದು ಮೊಬೈಲ್. ಇದನ್ನು ಹಗುರವಾಗಿ ನೋಡಬೇಡಿ. ದಿನಕ್ಕೆ ನಾಲ್ಕೈದು ಹಾಳೆ ಇದ್ದರೆ ಬೇರೆ ಮಷಿನ್ ಬೇಕೇ ಇಲ್ಲ. ಆಂಡ್ರಾಯ್ಡ್ ಫೋನಿನ ಗೂಗಲ್ ಡ್ರೈವ್‌ನಲ್ಲೇ ಸ್ಕ್ಯಾನ್ ಮಾಡುವ ಸೌಲಭ್ಯ ಇದೆ, ಐಫೋನಿನ ನೋಟ್ಸ್‌ನಲ್ಲೂ ಇದೆ. ಮೂಲೆ ನೇರ ಮಾಡಿ, ನೆರಳು ತೆಗೆದು ಪಿಡಿಎಫ್ ಕೊಡುತ್ತವೆ. ಸಿಕ್ಕ ಸಿಕ್ಕ ಆ್ಯಪ್ ಮಾತ್ರ ಹಾಕಿಕೊಳ್ಳಬೇಡಿ. ಎಲ್ಲರ ಫೋನಿನಲ್ಲೂ ಇದ್ದ ಕ್ಯಾಮ್‌ಸ್ಕ್ಯಾನರ್ ಅನ್ನು 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿದ್ದು ನೆನಪಿರಬಹುದು. ಗಿರಾಕಿಯ ಆಧಾರ್, ಪಾನ್ ಪ್ರತಿಗಳು ಯಾರ ಸರ್ವರ್‌ಗೆ ಹೋಗುತ್ತಿವೆ ಅನ್ನುವುದು ಸಣ್ಣ ವಿಷಯ ಅಲ್ಲ.

ಎರಡನೆಯದು ಬರೀ ಗಾಜಿನ ಮೇಲೆ ಇಡುವ ಫ್ಲಾಟ್‌ಬೆಡ್ ಸ್ಕ್ಯಾನರ್. ಮೂರನೆಯದು ಹಾಳೆಯ ಕಟ್ಟು ಇಟ್ಟರೆ ತಾನೇ ಎಳೆದುಕೊಳ್ಳುವ ಡಾಕ್ಯುಮೆಂಟ್ ಸ್ಕ್ಯಾನರ್. ನಾಲ್ಕನೆಯದು ಪ್ರಿಂಟ್, ಝೆರಾಕ್ಸ್, ಸ್ಕ್ಯಾನ್ ಮೂರೂ ಮಾಡುವ ಮಲ್ಟಿಫಂಕ್ಷನ್ ಮಷಿನ್. ಇದರಲ್ಲೂ ಎರಡು ಜಾತಿ. ಮೇಜಿನ ಮೇಲೆ ಕೂರುವ ಇಂಕ್ ಟ್ಯಾಂಕ್ ಅಥವಾ ಚಿಕ್ಕ ಲೇಸರ್ ಒಂದು, ಆಲ್-ಇನ್-ಒನ್ ಅನ್ನುವುದು ಇದನ್ನೇ. ನೆಲದ ಮೇಲೆ ನಿಲ್ಲುವ, ಎ3 (ಎ4ರ ಎರಡರಷ್ಟು ದೊಡ್ಡ ಹಾಳೆ) ತನಕ ಹೋಗುವ ದೊಡ್ಡ ಕಾಪಿಯರ್ ಇನ್ನೊಂದು.

ನನ್ನ ಅಭಿಪ್ರಾಯ ಇಲ್ಲೇ ಹೇಳಿಬಿಡುತ್ತೇನೆ. ಮಲ್ಟಿಫಂಕ್ಷನ್ ಅನ್ನುವುದು ಮೂಲದಲ್ಲಿ ಪ್ರಿಂಟರ್. ಸ್ಕ್ಯಾನಿಂಗ್ ಅದಕ್ಕೆ ಜೊತೆಯ ಕೆಲಸ. ನಿಮ್ಮಲ್ಲಿ ಹೊರಗೆ ಹೋಗುವ ಕಾಗದ ಜಾಸ್ತಿ ಇದ್ದರೆ ಅದೇ ಸಾಕು. ಒಳಗೆ ಬರುವ ಕಾಗದ ಜಾಸ್ತಿ ಇದ್ದರೆ ಡಾಕ್ಯುಮೆಂಟ್ ಸ್ಕ್ಯಾನರ್ ಬೇರೆಯೇ ತಗೊಳ್ಳಿ, ಪ್ರಿಂಟ್‌ಗೆ ಸಾದಾ ಪ್ರಿಂಟರ್ ಇಟ್ಟುಕೊಳ್ಳಿ. "ಒಂದ ಮಷಿನ್‌ನ್ಯಾಗ ಎಲ್ಲಾ ಆಗತೈತಿ ಅಂದ್ರ ಎರಡ್ಯಾಕ ಬೇಕ್ರಿ?" ಅಂತ ಕೇಳುವವರಿಗೆ ಒಂದೇ ಮಾತು: ಆ ಒಂದು ಮಷಿನ್ ಕೆಟ್ಟ ದಿನ ಬಿಲ್ಲೂ ಹೊರಡುವುದಿಲ್ಲ, ಸ್ಕ್ಯಾನೂ ಆಗುವುದಿಲ್ಲ.

ಎಲ್ಲಾ ಇರುವುದು ಹಾಳೆ ಎಳೆಯುವ ಬಾಯಲ್ಲಿ

ಹೋಲಿಕೆ ಮಾಡುವಾಗ ಅತಿ ಹೆಚ್ಚು ಹೊತ್ತು ನೋಡಬೇಕಾದ್ದು ಎಡಿಎಫ್, ಅಂದರೆ ಹಾಳೆಗಳನ್ನು ಒಂದೊಂದಾಗಿ ಒಳಗೆಳೆಯುವ ಭಾಗ. ಲೆಕ್ಕ ಹಾಕಿ ನೋಡಿ. ಎರಡೂ ಬದಿ ಬರೆದ 30 ಹಾಳೆ ಇದೆ ಅಂದುಕೊಳ್ಳಿ. ಒಟ್ಟು 60 ಬದಿ. ಫ್ಲಾಟ್‌ಬೆಡ್‌ನಲ್ಲಿ ಮುಚ್ಚಳ ಎತ್ತಿ, ಹಾಳೆ ಇಟ್ಟು, ಸ್ಕ್ಯಾನ್ ಆಗಿ, ಮತ್ತೆ ಎತ್ತಿ ತಿರುಗಿಸುವಷ್ಟರಲ್ಲಿ ಒಂದು ಬದಿಗೆ 25 ಸೆಕೆಂಡ್ ಹಿಡಿದರೂ 25 ನಿಮಿಷ ಬೇಕು. ನಿಮಿಷಕ್ಕೆ 30 ಹಾಳೆ ಎಳೆಯುವ, ಎರಡೂ ಬದಿ ಒಟ್ಟಿಗೆ ಓದುವ ಸ್ಕ್ಯಾನರ್‌ನಲ್ಲಿ ಅದು ಒಂದು ನಿಮಿಷದ ಕೆಲಸ. ಆ ಹೊತ್ತಿನಲ್ಲಿ ನಿಮ್ಮ ಹುಡುಗ ಬೇರೆ ಕೆಲಸವನ್ನೂ ಮಾಡಬಹುದು.

ಆದರೆ ಎಡಿಎಫ್ ಇದೆ ಅಂದ ಮಾತ್ರಕ್ಕೆ ಎರಡೂ ಬದಿ ಓದುತ್ತದೆ ಅಂತಲ್ಲ. ಇಲ್ಲೇ ಜಾಸ್ತಿ ಜನ ಮೋಸ ಹೋಗುವುದು. ಡಬ್ಬಿಯ ಮೇಲೆ ದೊಡ್ಡದಾಗಿ ಡುಪ್ಲೆಕ್ಸ್, ಅಂದರೆ ಎರಡೂ ಬದಿ, ಅಂತ ಬರೆದಿರುತ್ತದೆ. ಅದು ಎಷ್ಟೋ ಸಲ ಪ್ರಿಂಟ್‌ಗೆ ಮಾತ್ರ. ಸ್ಕ್ಯಾನ್ ಮಾಡುವಾಗ ಒಂದು ಬದಿ ಮುಗಿಸಿ, ಕಟ್ಟನ್ನು ನೀವೇ ಮಗುಚಿ ಇಡಬೇಕು. ಅಂಗಡಿಯವರನ್ನು ನೇರ ಕೇಳಿ: "ಸ್ಕ್ಯಾನ್ ಎರಡೂ ಬದಿ ತಾನೇ ಮಾಡುತ್ತಾ?" ಹೌದು ಅಂದರೆ ಇನ್ನೊಂದು ಪ್ರಶ್ನೆ: "ಒಂದೇ ಸಲಕ್ಕಾ, ತಿರುಗಿಸಿ ಮಾಡುತ್ತಾ?" ಒಂದೇ ಸಲಕ್ಕೆ ಓದುವುದರಲ್ಲಿ ಮೇಲೊಂದು ಕೆಳಗೊಂದು ಎರಡು ಸೆನ್ಸರ್ ಇರುತ್ತವೆ. ತಿರುಗಿಸಿ ಓದುವುದರಲ್ಲಿ ಹಾಳೆ ಒಳಗೆ ಹೋಗಿ, ಮಗುಚಿ, ಮತ್ತೆ ಬರುತ್ತದೆ. ನಿಧಾನ ಅನ್ನುವುದು ಅತ್ಲಾಗಿರಲಿ, ತೆಳು ಕಾಗದ, ಸುಕ್ಕಾದ ಕಾಗದ ಆ ತಿರುವಿನಲ್ಲೇ ಸಿಕ್ಕಿ ಹರಿಯುತ್ತದೆ.

ಡಾಕ್ಯುಮೆಂಟ್ ಸ್ಕ್ಯಾನರ್‌ನಲ್ಲಿ ಹಾಳೆ ಹೋಗುವ ದಾರಿ ಹೆಚ್ಚುಕಮ್ಮಿ ನೇರ. ಅದಕ್ಕೇ ಅಂಗೈಯಗಲದ ಚೀಟಿ, ಆಧಾರ್ ಕಾರ್ಡು, ಎ4 ಹಾಳೆ ಎಲ್ಲವನ್ನೂ ಬೆರಕೆ ಹಾಕಿದರೂ ತಡೆದುಕೊಳ್ಳುತ್ತದೆ. ಸ್ವಲ್ಪ ಮೇಲಿನ ದರ್ಜೆಯದರಲ್ಲಿ ಅಲ್ಟ್ರಾಸಾನಿಕ್ ಸೆನ್ಸರ್ ಇರುತ್ತದೆ. ಎರಡು ಹಾಳೆ ಅಂಟಿಕೊಂಡು ಒಟ್ಟಿಗೆ ಹೋದರೆ ಅಲ್ಲೇ ನಿಲ್ಲಿಸಿ ಹೇಳುತ್ತದೆ. ಇದು ದುಡ್ಡು ಕೊಡಲು ಯೋಗ್ಯವಾದ ಸೌಲಭ್ಯ ಅಂತ ನಾನು ಒತ್ತಿ ಹೇಳುತ್ತೇನೆ. ಯಾಕಂದ್ರೆ ತಪ್ಪಿಹೋದ ಹಾಳೆ ಆ ಕ್ಷಣ ಗೊತ್ತಾಗುವುದಿಲ್ಲ. ವರ್ಷ ಆದಮೇಲೆ ಆಡಿಟ್‌ನಲ್ಲಿ ಆ ಬಿಲ್ ಹುಡುಕುವಾಗ ಗೊತ್ತಾಗುತ್ತದೆ. ಮಳೆಗಾಲದಲ್ಲಿ, ಅದರಲ್ಲೂ ಧಾರವಾಡದ ಜಿಟಿಜಿಟಿ ಮಳೆಯ ದಿನಗಳಲ್ಲಿ, ಕಾಗದ ತೇವ ಹಿಡಿದು ಅಂಟಿಕೊಳ್ಳುವುದು ಜಾಸ್ತಿ. ಕಟ್ಟನ್ನು ಒಮ್ಮೆ ಬೀಸಿ ಬಿಡಿಸಿ ಇಡುವ ಅಭ್ಯಾಸ ಮಾಡಿಕೊಳ್ಳಿ.

ಇನ್ನು ಧೂಳು. ಬ್ಯಾಡಗಿ ಕಡೆ ಮೆಣಸಿನಕಾಯಿಯ ಪುಡಿ, ಬೆಟಗೇರಿಯಲ್ಲಿ ಹತ್ತಿ ನೂಲಿನ ಎಳೆ, ಗೋಕುಲ ರೋಡಿನ ವರ್ಕ್‌ಶಾಪಿನಲ್ಲಿ ಎಣ್ಣೆ ಬೆರೆತ ಮಸಿ. ಮಲ್ಟಿಫಂಕ್ಷನ್ ಮಷಿನ್ನಿನ ದೊಡ್ಡ ಗಾಜಿನ ಪಕ್ಕದಲ್ಲಿ ಬೆರಳಗಲದ ಇನ್ನೊಂದು ಗಾಜಿನ ಪಟ್ಟಿ ಇರುತ್ತದೆ. ಎಡಿಎಫ್‌ನಿಂದ ಹಾಳೆ ಹೋಗುವಾಗ ಸೆನ್ಸರ್ ಆ ಪಟ್ಟಿಯ ಕೆಳಗೆ ಕದಲದೆ ನಿಂತಿರುತ್ತದೆ, ಹಾಳೆ ಅದರ ಮೇಲೆ ಜಾರುತ್ತದೆ. ಅಲ್ಲಿ ಸಾಸಿವೆಗಿಂತ ಸಣ್ಣ ವೈಟ್ನರ್ ಚುಕ್ಕೆ ಅಂಟಿದರೂ ಪ್ರತಿ ಪುಟದಲ್ಲೂ ಮೇಲಿನಿಂದ ಕೆಳಗಿನ ತನಕ ಒಂದು ಕಪ್ಪು ಗೆರೆ. ಎಷ್ಟೋ ಜನ ಇದಕ್ಕೆ ಟೋನರ್ ಹೋಯಿತು, ಡ್ರಮ್ ಹೋಯಿತು ಅಂದುಕೊಂಡು ದುಡ್ಡು ಸುರಿಯುತ್ತಾರೆ. ಪರೀಕ್ಷೆ ಸುಲಭ. ಅದೇ ಹಾಳೆಯನ್ನು ದೊಡ್ಡ ಗಾಜಿನ ಮೇಲಿಟ್ಟು ಸ್ಕ್ಯಾನ್ ಮಾಡಿ. ಗೆರೆ ಬರಲಿಲ್ಲ ಅಂದರೆ ತಪ್ಪು ಆ ಸಣ್ಣ ಪಟ್ಟಿಯದ್ದೇ. ಎಳೆ ಬಿಡದ ಬಟ್ಟೆಯನ್ನು ಸ್ವಲ್ಪ ಒದ್ದೆ ಮಾಡಿ ಒರೆಸಿದರೆ ಮುಗಿಯಿತು.

ರಬ್ಬರ್ ರೋಲರ್‌ಗೂ ಇದೇ ಕಥೆ. ಗುಲಾಬಿ, ಹಳದಿ ಬಣ್ಣದ ಕಾರ್ಬನ್‌ಲೆಸ್ ಬಿಲ್ ಪ್ರತಿಗಳಲ್ಲಿ ರಾಸಾಯನಿಕದ ಲೇಪ ಇರುತ್ತದೆ. ಅದು ರೋಲರ್‌ಗೆ ಮೆತ್ತಿ ಹಿಡಿತ ಕಡಿಮೆ ಮಾಡುತ್ತದೆ. ಅಂಥ ಕಾಗದ ಜಾಸ್ತಿ ಬರುವ ಕಡೆ ರೋಲರ್ ಒರೆಸುವುದು ವಾರದ ಕೆಲಸ ಆಗಬೇಕು. ಕೊಳ್ಳುವ ಮೊದಲೇ ರೋಲರ್ ಬಿಡಿಯಾಗಿ ಸಿಗುತ್ತದಾ, ನಾವೇ ಬದಲಿಸಬಹುದಾ ಅಂತ ವಿಚಾರಿಸಿ. ಡಾಕ್ಯುಮೆಂಟ್ ಸ್ಕ್ಯಾನರ್‌ಗಳಲ್ಲಿ ಸಾಮಾನ್ಯವಾಗಿ ಕೈಯಲ್ಲೇ ಬಿಚ್ಚಿ ಹಾಕಬಹುದು. ಚಿಕ್ಕ ಆಲ್-ಇನ್-ಒನ್‌ಗಳಲ್ಲಿ ಆ ಅನುಕೂಲ ಕಡಿಮೆ.

ಯಾರಿಗೆ ಯಾವುದು

ಟ್ರಾನ್ಸ್‌ಪೋರ್ಟ್ ಆಫೀಸಿಗೆ ನನ್ನ ಮತ ಡಾಕ್ಯುಮೆಂಟ್ ಸ್ಕ್ಯಾನರ್‌ಗೇ. ಹುಬ್ಬಳ್ಳಿಯಲ್ಲಿ ಸಾಗಣೆಯ ವ್ಯವಹಾರ ದೊಡ್ಡದು. ಮಾಲು ಮುಟ್ಟಿದ್ದಕ್ಕೆ ಸಹಿ, ಸಿಕ್ಕಾ ಬಿದ್ದ ಎಲ್‌ಆರ್ (ಲಾರಿ ರಸೀದಿ) ಪ್ರತಿ ವಾಪಸ್ ಬಂದು, ಅದರ ನಕಲು ಪಾರ್ಟಿಗೆ ಹೋದಮೇಲೆ ಬಾಡಿಗೆ ಬಿಲ್ ಪಾಸಾಗುವುದು. ಡ್ರೈವರ್ ಜೇಬಿನಲ್ಲಿ ನಾಲ್ಕು ಮಡಿಕೆಯಾಗಿ ಬಂದ ಆ ತೆಳು ಹಾಳೆಯನ್ನು ನೇರ ದಾರಿಯ ಸ್ಕ್ಯಾನರ್ ಮಾತ್ರ ಸಲೀಸಾಗಿ ನುಂಗುತ್ತದೆ. ಹರಿದದ್ದಿದ್ದರೆ ಪಾರದರ್ಶಕ ಕ್ಯಾರಿಯರ್ ಶೀಟಿನೊಳಗೆ ಇಟ್ಟು ಕಳಿಸಬಹುದು. ಇಲ್ಲಿ ಕಪ್ಪು-ಬಿಳುಪಿನಲ್ಲಿ ಸ್ಕ್ಯಾನ್ ಮಾಡಬೇಡಿ. ನೀಲಿ ಸಿಕ್ಕಾ, ಮಸುಕು ಕಾರ್ಬನ್ ಅಕ್ಷರ ಎರಡೂ ಮಾಯ ಆಗುತ್ತವೆ. ಬಣ್ಣ ಅಥವಾ ಗ್ರೇ ಇಡಿ.

ದಲಾಲಿ ಅಂಗಡಿಗಳಿಗೆ ದಿನದ ಲೆಕ್ಕಕ್ಕಿಂತ ಸೀಸನ್ನಿನ ಲೆಕ್ಕ ಮುಖ್ಯ. ಆವಕ ಹೆಚ್ಚಿದ ದಿನ ಸಂಜೆಗೆ ಚೀಟಿಯ ರಾಶಿ, ಬೇರೆ ದಿನ ಬೆರಳೆಣಿಕೆಯಷ್ಟು. ಚಿಕ್ಕ ಅಂಗಡಿಯಾದರೆ ಪಟ್ಟಿ, ಬಿಲ್ ಪ್ರಿಂಟ್‌ಗೆ ಒಂದು ಆಲ್-ಇನ್-ಒನ್, ಚೀಟಿಗಳಿಗೆ ಮೊಬೈಲ್ ಸಾಕು. ಒಂದು ಮಾತು ನೆನಪಿಡಿ. ಕಾಟಾದಲ್ಲಿ, ಪೆಟ್ರೋಲ್ ಬಂಕಿನಲ್ಲಿ ಕೊಡುವ ನುಣುಪು ಥರ್ಮಲ್ ಕಾಗದದ ಚೀಟಿ ಬಿಸಿಲಿಗೆ, ಶಾಖಕ್ಕೆ ಅಳಿಸಿಹೋಗುತ್ತದೆ. ಸ್ಕ್ಯಾನ್ ಆವತ್ತೇ ಆಗಬೇಕು. ತಿಂಗಳ ಕೊನೆಗೆ ಮಾಡೋಣ ಅಂದರೆ ಬಿಳಿ ಹಾಳೆ ಉಳಿದಿರುತ್ತದೆ.

ವಕೀಲರದ್ದು ಬೇರೆಯೇ ಲೆಕ್ಕ. ಧಾರವಾಡದ ಹೈಕೋರ್ಟ್ ಪೀಠ 2008ರಲ್ಲಿ ಸಂಚಾರಿ ಪೀಠವಾಗಿ ಶುರುವಾಗಿ 2013ರಲ್ಲಿ ಕಾಯಂ ಆಯಿತು. ಗದಗ, ಹಾವೇರಿಯ ಕೇಸುಗಳೂ ಅಲ್ಲಿಗೇ ಬರುತ್ತವೆ. ಇ-ಫೈಲಿಂಗ್‌ಗೆ ಪಿಡಿಎಫ್ ಬೇಕು, ಜೊತೆಗೆ ಪ್ರತಿಗಳೂ ಬೇಕು. ಅಂದರೆ ಒಳಬರುವ ಕಾಗದವೂ ಜಾಸ್ತಿ, ಹೊರಹೋಗುವ ಕಾಗದವೂ ಜಾಸ್ತಿ. ಇಂಥ ಕಡೆ ಮಲ್ಟಿಫಂಕ್ಷನ್ ನಿಜವಾಗಿಯೂ ಕೊಟ್ಟ ದುಡ್ಡಿಗೆ ನ್ಯಾಯ ಕೊಡುತ್ತದೆ. ಆದರೆ ಸೈಜ್ ನೋಡಿ. ಎ4 ಹಾಳೆಯ ಉದ್ದ 297 ಮಿಲಿಮೀಟರ್, ಲೀಗಲ್ ಹಾಳೆಯದ್ದು 356. ಸಾದಾ ಆಲ್-ಇನ್-ಒನ್‌ನ ಗಾಜು ಎ4ಕ್ಕೆ ಮುಗಿಯುತ್ತದೆ. ಎಡಿಎಫ್‌ನಲ್ಲಿ ಲೀಗಲ್ ಹೋಗಬಹುದು, ಗಾಜಿನ ಮೇಲೆ ಹಿಡಿಸುವುದಿಲ್ಲ. ಐವತ್ತು ವರ್ಷದ ಹಳೆ ಖರೀದಿ ಪತ್ರವನ್ನು ಎಡಿಎಫ್‌ಗೆ ಹಾಕುವ ಧೈರ್ಯ ಯಾರೂ ಮಾಡಬಾರದು. ಟ್ಯಾಗಿನ ತೂತು ಹರಿದು ಕಿವಿಯಂತೆ ಜೋತಾಡುವ ಹಾಳೆ ರೋಲರ್‌ಗೆ ಸಿಕ್ಕರೆ ಮೂಲ ಪತ್ರವೇ ಹೋಯಿತು. ಹಾಗಾಗಿ ಜಮೀನಿನ ಕೇಸು ಜಾಸ್ತಿ ನಡೆಸುವವರು ಎ3 ಗಾಜಿರುವ ಕಾಪಿಯರ್ ನೋಡುವುದೇ ಸರಿ. ನಕಾಶೆಗೂ ಅದು ಬರುತ್ತದೆ.

ಹೊಲಿದ ಪುಸ್ತಕಗಳ ಸ್ಕ್ಯಾನಿಂಗ್ ಮಾಡುವವರು, ಅಂದರೆ ಗದಗಿನ ಮುದ್ರಣಾಲಯದವರು, ಹಳೆ ವಹಿ ಇಟ್ಟುಕೊಂಡ ಸಹಕಾರಿ ಸಂಘದವರು, ಸೆನ್ಸರ್ ಯಾವ ಜಾತಿ ಅಂತ ಕೇಳಬೇಕು. ಕಡಿಮೆ ಬೆಲೆಯ ಮಷಿನ್‌ಗಳಲ್ಲಿ ಸಿಐಎಸ್ ಸೆನ್ಸರ್ ಇರುತ್ತದೆ. ಗಾಜಿಗೆ ತಾಗಿದ್ದು ಮಾತ್ರ ಸ್ಪಷ್ಟ. ಪುಸ್ತಕದ ನಡುವಿನ ಹೊಲಿಗೆಯ ಹತ್ತಿರ ಕಾಗದ ಸ್ವಲ್ಪ ಮೇಲೆದ್ದರೂ ಅಕ್ಷರ ಮಸುಕು. ಸಿಸಿಡಿ ಸೆನ್ಸರ್ ಇರುವುದು ಆ ಎತ್ತರವನ್ನು ತಡೆದುಕೊಳ್ಳುತ್ತದೆ. ಮೇಲಿನಿಂದ ಫೋಟೋ ತೆಗೆಯುವ ಓವರ್‌ಹೆಡ್ ಸ್ಕ್ಯಾನರ್ ಇನ್ನೂ ಒಳ್ಳೆಯದು, ಪುಸ್ತಕದ ಬೆನ್ನು ಮುರಿಯಬೇಕಾಗಿಲ್ಲ.

ತೆರಿಗೆ ಸಲಹೆಗಾರರು, ಸಿಎ ಆಫೀಸಿನವರಿಗೆ ಹೆಚ್ಚು ಹೇಳಬೇಕಿಲ್ಲ. ಅವರದ್ದು ಬಹುಪಾಲು ಎ4, ರಾಶಿ ರಾಶಿ. ಡಾಕ್ಯುಮೆಂಟ್ ಸ್ಕ್ಯಾನರ್ ಒಂದು, ಲೇಸರ್ ಪ್ರಿಂಟರ್ ಒಂದು.

600 ಡಿಪಿಐ ಅಂತ ಬಡಾಯಿ ಬೇಡ

ಡಿಪಿಐ ಅಂದರೆ ಒಂದು ಇಂಚಿಗೆ ಎಷ್ಟು ಚುಕ್ಕೆ ಅನ್ನುವ ಲೆಕ್ಕ. ಕಾಗದಪತ್ರಕ್ಕೆ 300 ಸಾಕು. ಬರೀ ಓದಲು, ವಾಟ್ಸಾಪ್ ಮಾಡಲು 200 ಕೂಡ ನಡೆಯುತ್ತದೆ. ಎ4 ಹಾಳೆಯನ್ನು 300ರಲ್ಲಿ ಸ್ಕ್ಯಾನ್ ಮಾಡಿದರೆ ಸುಮಾರು 87 ಲಕ್ಷ ಚುಕ್ಕೆ. ಕುಗ್ಗಿಸದೆ ಇಟ್ಟರೆ ಬಣ್ಣದ ಪುಟಕ್ಕೆ 26 ಎಂಬಿ, ಗ್ರೇಗೆ ಸುಮಾರು 9 ಎಂಬಿ, ಕಪ್ಪು-ಬಿಳುಪಿಗೆ ಒಂದು ಎಂಬಿ ಚಿಲ್ಲರೆ. ಪಿಡಿಎಫ್ ಆಗುವಾಗ ಇದು ತುಂಬಾ ಕುಗ್ಗುತ್ತದೆ, ಆದರೂ ಸಾಮಾನ್ಯವಾಗಿ ಬಣ್ಣದ್ದೇ ದೊಡ್ಡದು, ಕಪ್ಪು-ಬಿಳುಪಿನದ್ದು ಚಿಕ್ಕದು. 600 ಇಟ್ಟರೆ ಕುಗ್ಗಿಸುವ ಮುಂಚಿನ ಲೆಕ್ಕ ಎಲ್ಲವೂ ನಾಲ್ಕು ಪಟ್ಟು. 4800, 9600 ಅಂತ ಡಬ್ಬಿ ಮೇಲೆ ಬರೆದದ್ದನ್ನು ಆಫೀಸು ಕೆಲಸಕ್ಕೆ ಲೆಕ್ಕಕ್ಕೇ ತಗೋಬೇಡಿ.

ಕನ್ನಡ ಓದುವ ವಿಷಯಕ್ಕೆ ಮಾತ್ರ ಗಮನ ಕೊಡಿ. ಸ್ಕ್ಯಾನ್ ಆದ ಪಿಡಿಎಫ್‌ನಲ್ಲಿ ಪದ ಹುಡುಕಬೇಕು ಅಂದರೆ ಓಸಿಆರ್ (ಚಿತ್ರದಲ್ಲಿನ ಅಕ್ಷರ ಗುರುತಿಸುವ ತಂತ್ರಾಂಶ) ಬೇಕು. ಸ್ಕ್ಯಾನರ್ ಜೊತೆ ಬರುವ ಸಾಫ್ಟ್‌ವೇರ್‌ನ ಭಾಷೆಗಳ ಪಟ್ಟಿಯಲ್ಲಿ ಎಷ್ಟೋ ಸಲ ಕನ್ನಡ ಇರುವುದಿಲ್ಲ. ಕೊಳ್ಳುವ ಮೊದಲು ಆ ಪಟ್ಟಿ ತೆಗೆಸಿ ನೋಡಿ. ಇಲ್ಲದಿದ್ದರೂ ಮಷಿನ್ ಕೈಬಿಡಬೇಕಾಗಿಲ್ಲ. ಟೆಸರಾಕ್ಟ್ ಅನ್ನುವ ಉಚಿತ ತಂತ್ರಾಂಶ ಕನ್ನಡ ಓದುತ್ತದೆ, ಗೂಗಲ್ ಡ್ರೈವ್‌ಗೆ ಹಾಕಿ ಡಾಕ್ಸ್‌ನಲ್ಲಿ ತೆರೆದರೂ ಅಕ್ಷರ ಸಿಗುತ್ತದೆ. ಅಚ್ಚಾದ ಅಕ್ಷರಕ್ಕೆ ಇದು ಚೆನ್ನಾಗಿ ನಡೆಯುತ್ತದೆ. ಕೈಬರಹದ ಕೀರ್ದಿಗೆ ನಂಬಬೇಡಿ. ಮುಂಬೈ ಪ್ರಾಂತ್ಯದ ಕಾಲದ ಮೋಡಿ ಲಿಪಿಯ ಕಾಗದ ಇದ್ದರೆ ಚಿತ್ರವಾಗಿ ಇಟ್ಟುಕೊಂಡು, ಹೆಸರು ಮತ್ತು ಸರ್ವೆ ನಂಬರನ್ನು ಫೈಲಿನ ಹೆಸರಿನಲ್ಲೇ ಬರೆಯಿರಿ. ಫೈಲಿಗೆ ಹೆಸರು ಕೊಡುವಾಗ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಶುರು ಮಾಡಿದರೆ ಎಲ್ಲಾ ತಾನೇ ಸಾಲಾಗಿ ನಿಲ್ಲುತ್ತವೆ.

ಸ್ಕ್ಯಾನ್ ಆಯಿತು ಅಂತ ಮೂಲ ಕಾಗದ ರದ್ದಿಗೆ ಹಾಕಬೇಡಿ. ಜಿಎಸ್‌ಟಿ ಕಾನೂನಿನಂತೆ ಲೆಕ್ಕಪತ್ರವನ್ನು ವಾರ್ಷಿಕ ರಿಟರ್ನ್‌ನ ಕೊನೆಯ ದಿನಾಂಕದಿಂದ 72 ತಿಂಗಳು ಕಾಪಾಡಬೇಕು. ಕೋರ್ಟಿಗೆ ಎಲೆಕ್ಟ್ರಾನಿಕ್ ದಾಖಲೆ ಹಾಜರುಪಡಿಸಲು ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಬೇಕಾಗುತ್ತದೆ. ಈ ಅಧಿನಿಯಮ 2024ರ ಜುಲೈ 1ರಿಂದ ಜಾರಿಯಲ್ಲಿದೆ.

ಫೋಲ್ಡರ್‌ಗೆ ಹೋಗದ ಸ್ಕ್ಯಾನು

ದೊಡ್ಡ ಕಾಪಿಯರ್‌ನ ಮುಖ್ಯ ಲಾಭ, ಯಾರು ಬೇಕಾದರೂ ಎದ್ದು ಹೋಗಿ ಗುಂಡಿ ಒತ್ತಿದರೆ ಫೈಲು ಅವರವರ ಫೋಲ್ಡರ್‌ಗೆ, ಮೇಲ್‌ಗೆ ಹೋಗುವುದು. ಐದಾರು ಜನ ಇರುವ ಆಫೀಸಿಗೆ ಇದು ದೊಡ್ಡ ಅನುಕೂಲ. ಹಳೆ ಅಥವಾ ಸೆಕೆಂಡ್ ಹ್ಯಾಂಡ್ ಮಷಿನ್ ತರುವವರಿಗೆ ತೊಂದರೆ ಬರುವುದೂ ಇಲ್ಲೇ. ಹಳೆಯವು ಎಸ್‌ಎಂಬಿ1 ಅನ್ನುವ ಹಳೆ ಪದ್ಧತಿಯಲ್ಲಿ ಮಾತ್ರ ಫೈಲು ಕಳಿಸುತ್ತವೆ. 2017ರ ಕೊನೆಯಿಂದ ಬಂದ ವಿಂಡೋಸ್‌ನಲ್ಲಿ ಅದು ಮೊದಲೇ ಹಾಕಿ ಬರುವುದಿಲ್ಲ. ಅದನ್ನು ಆನ್ ಮಾಡಿಕೊಟ್ಟು ಹೋಗುವವರಿದ್ದಾರೆ. ಬೇಡ. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಕಂಪ್ಯೂಟರ್‌ಗಳನ್ನು ಲಾಕ್ ಮಾಡಿದ ವಾನ್ನಾಕ್ರೈ ಅನ್ನುವ ವೈರಸ್ ಹರಡಿದ್ದು ಅದೇ ಎಸ್‌ಎಂಬಿ1ರ ಬಿರುಕಿನಿಂದ. ಮಷಿನ್‌ಗೆ ಎಸ್‌ಎಂಬಿ2 ಅಥವಾ 3 ಬರುತ್ತದಾ ಕೇಳಿ. ಇಲ್ಲ ಅಂದರೆ ಪೆನ್‌ಡ್ರೈವ್‌ಗೆ ಸ್ಕ್ಯಾನ್ ಮಾಡಿಕೊಳ್ಳುವುದು ವಾಸಿ.

ಮೇಲ್‌ನದ್ದೂ ಹಾಗೇ. 2022ರ ಮೇ 30ರಿಂದ ಗೂಗಲ್ ಬರೀ ಪಾಸ್‌ವರ್ಡ್ ಹಾಕಿ ಜಿಮೇಲ್ ಬಳಸುವ ದಾರಿಯನ್ನು ಮುಚ್ಚತೊಡಗಿತು. ಆ ಖಾತೆಗೆ ಎರಡು ಹಂತದ ಪರಿಶೀಲನೆ ಆನ್ ಮಾಡಿ, ಆ್ಯಪ್ ಪಾಸ್‌ವರ್ಡ್ ಅಂತ 16 ಅಕ್ಷರದ್ದು ಬೇರೆ ಪಡೆದು ಮಷಿನ್‌ಗೆ ಹಾಕಬೇಕು. ಮಷಿನ್ ಕೂರಿಸಲು ಬಂದವರು ಹೋಗುವ ಮುಂಚೆ ನಿಮ್ಮ ಕಣ್ಣೆದುರೇ ಒಂದು ಸ್ಕ್ಯಾನ್ ಮೇಲ್‌ಗೆ ಹೋಗಬೇಕು. ಆಮೇಲೆ ಮಾಡಿಕೊಡುತ್ತೇವೆ ಅಂದರೆ ಬಿಡಬೇಡಿ.

ದುಡ್ಡು, ಕರೆಂಟು, ರಿಪೇರಿ

ಪ್ರಿಂಟ್ ಲೆಕ್ಕ ಹೀಗೆ ಹಾಕಿ: ಟೋನರ್ ಬೆಲೆಯನ್ನು ಅದು ಕೊಡುವ ಪುಟಗಳಿಂದ ಭಾಗಿಸಿ. ಉದಾಹರಣೆಗೆ 3000 ರೂಪಾಯಿಯ ಟೋನರ್ 1500 ಪುಟ ಕೊಟ್ಟರೆ ಪುಟಕ್ಕೆ 2 ರೂಪಾಯಿ. ಆ ಪುಟಗಳ ಸಂಖ್ಯೆ ಹಾಳೆಯ ಸುಮಾರು 5% ಭಾಗಕ್ಕೆ ಮಾತ್ರ ಮಸಿ ಬೀಳುತ್ತದೆ ಅನ್ನುವ ಲೆಕ್ಕದ್ದು. ಝೆರಾಕ್ಸ್ ತೆಗೆದ ಕಪ್ಪಗಿನ ಉತಾರಕ್ಕೆ ಅದು ಅನ್ವಯಿಸುವುದಿಲ್ಲ. ಇಂಕ್ ಟ್ಯಾಂಕ್‌ನಲ್ಲಿ ಪುಟದ ಖರ್ಚು ಕಡಿಮೆ, ಆದರೆ ವಾರಗಟ್ಟಲೆ ಸುಮ್ನೆ ಬಿಟ್ಟರೆ ಹೆಡ್ ಒಣಗುತ್ತದೆ, ಅಕ್ಷರಕ್ಕೆ ನೀರು ಬಿದ್ದರೆ ಹರಡಬಹುದು. ಸೀಸನ್ನಿಗೆ ಮಾತ್ರ ಪ್ರಿಂಟ್ ಇರುವವರಿಗೆ ಲೇಸರೇ ಸರಿ.

ಕರೆಂಟಿನ ವಿಷಯ. ಲೇಸರ್ ಮಷಿನ್‌ನಲ್ಲಿ ಟೋನರನ್ನು ಕಾಯಿಸಿ ಅಂಟಿಸುವ ಫ್ಯೂಸರ್ ಇರುತ್ತದೆ, ಅದು ಒಮ್ಮೆಲೇ ಜಾಸ್ತಿ ಕರೆಂಟು ಎಳೆಯುತ್ತದೆ. ಕಂಪ್ಯೂಟರಿನ ಸಣ್ಣ ಯುಪಿಎಸ್‌ಗೆ ಅದನ್ನು ಜೋಡಿಸಬಾರದು. ಡಾಕ್ಯುಮೆಂಟ್ ಸ್ಕ್ಯಾನರ್‌ಗೆ ಕರೆಂಟು ಅಷ್ಟು ಬೇಡ, ಯುಪಿಎಸ್ ಮೇಲೆ ಆರಾಮಾಗಿ ನಡೆಯುತ್ತದೆ. ಕೆಲವು ಚಿಕ್ಕವು ಲ್ಯಾಪ್‌ಟಾಪಿನ ಯುಎಸ್‌ಬಿ ಕರೆಂಟಿನಲ್ಲೇ ಓಡುತ್ತವೆ. ಕರೆಂಟ್ ಹೋಗಿಬರುವ ಊರುಗಳಲ್ಲಿ ಇದು ಲೆಕ್ಕಕ್ಕೆ ಬರುತ್ತದೆ.

ಸರ್ವಿಸ್ ಬಗ್ಗೆ ಊರು ನೋಡಿ ತೀರ್ಮಾನಿಸಿ. ಹುಬ್ಬಳ್ಳಿಯಲ್ಲಿದ್ದರೆ ಆಯ್ಕೆ ಜಾಸ್ತಿ. ರಾಣೆಬೆನ್ನೂರಿನಲ್ಲೋ ಮುಂಡರಗಿಯಲ್ಲೋ ಇದ್ದರೆ, ಮಷಿನ್ ಕೊಟ್ಟವರು ಅಲ್ಲಿಗೇ ಬಂದು ರಿಪೇರಿ ಮಾಡುತ್ತಾರಾ, ಎಷ್ಟು ದಿನದಲ್ಲಿ, ಓಡಾಟದ ಖರ್ಚು ಯಾರದ್ದು ಅಂತ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ದೊಡ್ಡ ಕಾಪಿಯರನ್ನು ಬಾಡಿಗೆಗೆ ತಗೊಂಡರೆ ಮೀಟರ್ ನೋಡಿ ಪುಟದ ಲೆಕ್ಕದಲ್ಲಿ ಹಣ ಕೊಡುವ ಪದ್ಧತಿ ಇದೆ. ಸ್ಕ್ಯಾನ್ ಮಾಡಿದ ಪುಟಕ್ಕೂ ದುಡ್ಡು ಹಿಡಿಯುತ್ತಾರಾ, ಎ3 ಹಾಳೆಯನ್ನು ಒಂದು ಪುಟ ಅಂತ ಎಣಿಸುತ್ತಾರಾ ಎರಡು ಅಂತಲಾ, ಕನಿಷ್ಠ ಎಷ್ಟು ಪುಟದ ಹಣ ಕೊಡಲೇಬೇಕು? ಈ ಮೂರೂ ಕರಾರಿನಲ್ಲಿ ಇರಬೇಕು.

ಡೆಮೋಗೆ ಹೋಗುವಾಗ ನಿಮ್ಮದೇ ಕಾಗದ ಒಯ್ಯಿರಿ. ಅಂಗಡಿಯವರ ಗರಿಗರಿ ಬಿಳಿ ಹಾಳೆಯ ಮೇಲೆ ಎಲ್ಲಾ ಮಷಿನ್ನೂ ಚೆನ್ನಾಗೇ ಓಡುತ್ತವೆ. ಮಡಿಕೆಯಾದ ಎಲ್‌ಆರ್, ಲೀಗಲ್ ಹಾಳೆ, ಥರ್ಮಲ್ ಚೀಟಿ, ಮಸುಕಾದ ಉತಾರ ಸೇರಿಸಿದ ಒಂದು ಕಟ್ಟು ಹಾಕಿಸಿ, ಪಿಡಿಎಫ್ ತೆರೆದು ಪುಟ ಎಣಿಸಿ.

ಮಷಿನ್ ವಾಪಸ್ ಕೊಡುವ, ಮಾರುವ ದಿನಕ್ಕೂ ಒಂದು ಕೆಲಸ ಇದೆ. ದೊಡ್ಡ ಕಾಪಿಯರ್‌ಗಳಲ್ಲಿ ಹಾರ್ಡ್ ಡಿಸ್ಕ್ ಇರುತ್ತದೆ. ಝೆರಾಕ್ಸ್ ಮಾಡಿದ, ಸ್ಕ್ಯಾನ್ ಮಾಡಿದ ಪುಟಗಳ ಚಿತ್ರ ಅದರಲ್ಲಿ ಉಳಿದಿರಬಹುದು. ನಿಮ್ಮ ಗಿರಾಕಿಗಳ ಆಧಾರ್, ಬ್ಯಾಂಕ್ ಪಾಸ್‌ಬುಕ್, ಸಹಿ ಎಲ್ಲಾ ಅದರಲ್ಲೇ. ವಿಳಾಸ ಪುಸ್ತಕ, ಮೇಲ್ ಪಾಸ್‌ವರ್ಡ್ ಅಳಿಸಿ, ಮೆನುವಿನಲ್ಲಿರುವ ಡಿಸ್ಕ್ ಅಳಿಸುವ ಆಯ್ಕೆ ಓಡಿಸಿ, ಅಳಿಸಿದ್ದಾಗಿ ಅವರಿಂದ ಬರೆಸಿಕೊಂಡು ಸಹಿ ಮಾಡಿಸಿಕೊಳ್ಳಿ. ಅದಾದ ಮೇಲೆ ಟೆಂಪೋಗೆ ಹತ್ತಿಸಲು ಬಿಡಿ.